ಟ್ಯಾಟೂ ಹಾಕಿಸಿದ ಮೇಲೆ: ಮಾಗಿಸುವುದು, ತಿದ್ದಿಸುವುದು, ಮುಚ್ಚಿಸುವುದು

ಹೊಸ ಟ್ಯಾಟೂ ಅಂದರೆ ಮೊದಲಿಗೆ ಅದೊಂದು ಗಾಯ. ಇದನ್ನು ಮರೆತವರೇ ಮುಂದೆ ಟಚ್ ಅಪ್‌ಗೆ (ಮಾಸಿದ್ದನ್ನು ತಿದ್ದಿಸಲು), ಕವರ್ ಅಪ್‌ಗೆ (ಹಳೆಯದನ್ನು ಹೊಸ ಚಿತ್ರದಿಂದ ಮುಚ್ಚಿಸಲು) ಅಂತ ದುಡ್ಡು ಸುರಿಯುವುದು. ಆರ್ಟಿಸ್ಟ್ ಎಷ್ಟೇ ಪಳಗಿದ ಕೈಯವರಾದರೂ ಮೊದಲ ಎರಡು ಮೂರು ವಾರ ಅದನ್ನು ನೋಡಿಕೊಳ್ಳಬೇಕಾದವರು ನೀವೇ.

ಸೂಜಿ ಇಂಕನ್ನು ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ, ಒಳಚರ್ಮಕ್ಕೆ ಇಳಿಸುತ್ತದೆ. ಮೇಲಿನ ಚರ್ಮ ಸವೆದು ಉದುರುತ್ತಲೇ ಇರುತ್ತದೆ, ಒಳಗಿನದು ಹಾಗೆ ಉದುರುವುದಿಲ್ಲ. ಹೊರಗಿನಿಂದ ಬಂದ ಇಂಕನ್ನು ಅಲ್ಲಿನ ರಕ್ಷಣಾ ಜೀವಕೋಶಗಳು ನುಂಗಿಬಿಡುತ್ತವೆ. ಆದರೆ ಕರಗಿಸಲು ಆಗುವುದಿಲ್ಲ. ನುಂಗಿದ ಕೋಶ ಸತ್ತಾಗ ಅದರ ಇಂಕನ್ನು ಹೊಸ ಕೋಶ ನುಂಗುತ್ತದೆ. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಟ್ಯಾಟೂ ವರ್ಷಗಟ್ಟಲೆ ಉಳಿಯುವುದು ಹೀಗೆ.

ಮೊದಲ ದಿನಗಳು

ಕೆಲವರು ಟ್ಯಾಟೂ ಮೇಲೆ ತೆಳ್ಳಗಿನ ಅಂಟು ಫಿಲ್ಮ್ ಹಾಕಿ ಕಳಿಸುತ್ತಾರೆ. ಅದನ್ನು ಅವರು ಹೇಳಿದಷ್ಟು ದಿನ ಬಿಡಿ. ಒಳಗೆ ಕಪ್ಪು ನೀರು ತುಂಬಿಕೊಂಡರೆ ಹೆದರಬೇಡಿ. ಅದು ಇಂಕ್ ಬೆರೆತ ರಸಿಕೆ ಅಷ್ಟೇ. ಅಂಚು ಬಿಟ್ಟುಕೊಂಡು ಸೋರಲು ಶುರುವಾದರೆ ಮಾತ್ರ ತೆಗೆದುಬಿಡಿ. ಅಡುಗೆಮನೆಯ ಪ್ಲಾಸ್ಟಿಕ್ ಸುತ್ತಿ ಕಳಿಸಿದ್ದರೆ ಕೆಲವೇ ಗಂಟೆಗಳಲ್ಲಿ ಬಿಚ್ಚಬೇಕು. ಬೆವರು ಒಳಗೇ ನಿಲ್ಲುವುದು ಒಳ್ಳೆಯದಲ್ಲ.

ತೊಳೆಯುವ ಕ್ರಮ ಸುಲಭ. ಮೊದಲು ನಿಮ್ಮ ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ಉಗುರುಬೆಚ್ಚಗಿನ ನೀರು, ವಾಸನೆ ಇಲ್ಲದ ಸೋಪು, ಬರಿಯ ಬೆರಳು ಇಷ್ಟು ಸಾಕು. ಸ್ಕ್ರಬ್ಬರ್, ನಾರು ಬೇಡ. ಕೈಗೆ ಜಾರುವ ಲೋಳೆ ಹೋಗುವ ತನಕ ಮೆತ್ತಗೆ ತೊಳೆಯಿರಿ. ಬಾತ್‌ರೂಮಿನಲ್ಲಿ ನೇತುಹಾಕಿದ ಟವೆಲ್ಲಿನಿಂದ ಒರೆಸಬೇಡಿ, ಟಿಶ್ಯೂ ಒತ್ತಿ ಒತ್ತಿ ಒಣಗಿಸಿ. ಆಮೇಲೆ ಆರ್ಟಿಸ್ಟ್ ಹೇಳಿದ ಮುಲಾಮು, ಅದೂ ತೆಳ್ಳಗೆ. ದಪ್ಪಗೆ ಹಚ್ಚಿದರೆ ಬೇಗ ಮಾಗುತ್ತದೆ ಅನ್ನುವುದು ಸುಳ್ಳು. ಚರ್ಮ ಒದ್ದೆಯಾಗಿಯೇ ಉಳಿದು ಹಕ್ಕಳೆ ಮೆತ್ತಗಾಗುತ್ತದೆ, ಇಂಕ್ ಸಮೇತ ಕಿತ್ತು ಬರುತ್ತದೆ.

ಮನೆಯಲ್ಲಿ ಯಾರಾದರೂ ಅರಿಶಿನ ಹಚ್ಚು, ಕೊಬ್ಬರಿ ಎಣ್ಣೆ ಹಚ್ಚು ಅಂದೇ ಅನ್ನುತ್ತಾರೆ, ಅಲ್ವಾ? ಪ್ರೀತಿಯಿಂದ ಹೇಳುವ ಮಾತು, ಆದರೆ ಈಗ ಕೇಳಬೇಡಿ. ಅಡುಗೆಮನೆ ಡಬ್ಬಿಯ ಪುಡಿ ಕ್ರಿಮಿರಹಿತವಲ್ಲ. ಹಸಿ ಗಾಯದ ಮೇಲೆ ಅದಕ್ಕೆ ಜಾಗವಿಲ್ಲ.

ಬೆಳಗ್ಗೆ ಎದ್ದಾಗ ಬೆಡ್‌ಶೀಟ್ ಟ್ಯಾಟೂಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಬಟ್ಟೆ ಸಮೇತ ನಲ್ಲಿಯ ಹತ್ತಿರ ಹೋಗಿ ನೀರು ಬಿಡಿ. ನೆನೆದು ತಾನಾಗಿ ಬಿಡುತ್ತದೆ. ಎಳೆದರೆ ಬಟ್ಟೆಯಲ್ಲಿ ನಿಮ್ಮ ಟ್ಯಾಟೂವಿನ ಒಂದು ಗೆರೆ ಕಾಣುತ್ತದೆ.

ಸಿಪ್ಪೆ ಏಳುವಾಗ

ಮೂರು ನಾಲ್ಕು ದಿನ ಕಳೆದ ಮೇಲೆ ಚರ್ಮ ಬಿಗಿಯುತ್ತದೆ, ನವೆ ಶುರುವಾಗುತ್ತದೆ. ಬಣ್ಣ ಮೆತ್ತಿದ ಸಣ್ಣ ಸಿಪ್ಪೆಗಳು ಉದುರುತ್ತವೆ. ಟ್ಯಾಟೂನೇ ಉದುರಿಹೋಯಿತು ಅಂತ ಗಾಬರಿಯಾಗುವುದು ಈಗಲೇ. ಹೋಗುತ್ತಿರುವುದು ಮೇಲಿನ ಪದರ ಮಾತ್ರ. ಕೆರೆಯಬೇಡಿ, ಕೀಳಬೇಡಿ. ನವೆ ತಡೆಯಲು ಆಗದಿದ್ದರೆ ಶುದ್ಧ ಕೈಯಿಂದ ಮೆಲ್ಲಗೆ ತಟ್ಟಿ, ವಾಸನೆ ಇಲ್ಲದ ಲೋಷನ್ ಚೂರು ಹಚ್ಚಿ.

ಸ್ನಾನ ಮಾಡಬಹುದು, ನೆನೆಸಿಡಬಾರದು. ಕನಿಷ್ಠ ಮೂರು ನಾಲ್ಕು ವಾರ ಈಜುಕೊಳ, ಹೊಳೆ, ಕೆರೆ, ಸಮುದ್ರ ಬೇಡ. ಟ್ಯಾಟೂ ಹಾಕಿಸಿದ ವಾರವೇ ಗೋಕರ್ಣಕ್ಕೆ ಹೊರಡುವ ಪ್ಲ್ಯಾನ್ ಇದ್ದರೆ ಎರಡರಲ್ಲಿ ಒಂದನ್ನು ಮುಂದೂಡಿ. ಬೈಕ್ ಓಡಿಸುವವರ ಮುಂಗೈ ಬಿಸಿಲಿಗೆ ಸುಡುತ್ತದೆ, ಸಡಿಲವಾದ ಕಾಟನ್ ತೋಳು ಹಾಕಿಕೊಳ್ಳಿ. ಸನ್‌ಸ್ಕ್ರೀನ್ ಪೂರ್ತಿ ಮಾಗಿದ ಮೇಲೆ ಮಾತ್ರ. ಆಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರುವುದನ್ನು ದಿನಾ ಹಚ್ಚಿ.

ಮೊದಲ ಒಂದೆರಡು ದಿನ ಕೆಂಪು, ಊತ ಸಹಜ. ಆದರೆ ಕೆಂಪು ದಿನದಿನಕ್ಕೆ ಅಗಲವಾಗುತ್ತಿದ್ದರೆ, ಕೀವು ಬಂದರೆ, ಜ್ವರ ಬಂದರೆ, ಗಾಯದಿಂದ ಕೆಂಪು ಗೆರೆ ಮೇಲಕ್ಕೆ ಹೊರಟರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಆರ್ಟಿಸ್ಟ್‌ಗೆ ಫೋಟೊ ಕಳಿಸಿ ಉತ್ತರಕ್ಕೆ ಕಾಯಬೇಡಿ. ಇಂಕಿನಿಂದ ಅಲರ್ಜಿಯೂ ಆಗಬಹುದು, ಕೆಂಪು ಬಣ್ಣದಲ್ಲಿ ಇದು ಜಾಸ್ತಿ. ತಿಂಗಳುಗಳ ನಂತರವೂ ಕೆಂಪು ಭಾಗ ಮಾತ್ರ ದಪ್ಪವಾಗಿ ನವೆ ಬರಬಹುದು. ಇಂಕ್ ಗುಣಮಟ್ಟದ ಪ್ರಶ್ನೆ ನಮ್ಮಲ್ಲೂ ಎದ್ದಿದೆ. ಟ್ಯಾಟೂ ಇಂಕಿನ ಮಾದರಿಗಳಲ್ಲಿ 22 ಭಾರಲೋಹಗಳು ಕಂಡುಬಂದಿವೆ ಎಂದು 2025ರಲ್ಲಿ ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದರು. ಯಾವ ಕಂಪನಿ ಇಂಕ್ ಅಂತ ಕೇಳಿ, ಬಾಟಲಿ ನೋಡಿ, ಹೊಸ ಸೂಜಿಯ ಪ್ಯಾಕೆಟ್ ನಿಮ್ಮ ಎದುರಿಗೇ ಒಡೆಯಲು ಹೇಳಿ. ಸಂಕೋಚ ಬೇಡ.

ಟಚ್ ಅಪ್ ಯಾವಾಗ?

ಸಿಪ್ಪೆ ಹೋದ ಮೇಲೆ ಟ್ಯಾಟೂ ಕೆಲವು ವಾರ ಮಬ್ಬಾಗಿ ಹೊಳೆಯುತ್ತದೆ. ಆಗಲೇ ಬಣ್ಣ ಹೋಯಿತು ಅಂತ ಸ್ಟುಡಿಯೋಗೆ ಓಡಬೇಡಿ. ಕನಿಷ್ಠ ಆರು ವಾರ ಕಾಯಿರಿ. ಆಮೇಲೆ ಹಗಲು ಬೆಳಕಿನಲ್ಲಿ ನೋಡಿ. ಗೆರೆ ನಡುವೆ ಕಡಿದಿದೆಯಾ, ತುಂಬಿದ ಬಣ್ಣದಲ್ಲಿ ಖಾಲಿ ಜಾಗ ಇದೆಯಾ? ಹಾಗಿದ್ದರೆ ಟಚ್ ಅಪ್ ಬೇಕು. ಬೆರಳು, ಅಂಗೈ ಅಂಚು, ಪಾದ ಸದಾ ಉಜ್ಜುವ ಜಾಗಗಳು, ಅಲ್ಲಿ ಇಂಕ್ ಬೇಗ ಮಾಸುತ್ತದೆ. ಎಷ್ಟೋ ಸ್ಟುಡಿಯೋಗಳಲ್ಲಿ ಮೊದಲ ಟಚ್ ಅಪ್ ಉಚಿತ, ಮೊದಲೇ ಕೇಳಿಟ್ಟುಕೊಳ್ಳಿ. ಆದರೆ ಸೂಜಿ ತೀರಾ ಆಳಕ್ಕೆ ಹೋಗಿ ಗೆರೆಯ ಸುತ್ತ ನೀಲಿ ಹರಡಿದ್ದರೆ ಅದನ್ನು ಟಚ್ ಅಪ್ ಸರಿಮಾಡುವುದಿಲ್ಲ.

ಕವರ್ ಅಪ್

ಹಳೆಯ ಹೆಸರು, ಜಾತ್ರೆಯಲ್ಲಿ ಸುಮ್ನೆ ಹಾಕಿಸಿದ ಹೃದಯ, ಸೊಟ್ಟಗಾದ ಅಕ್ಷರ. ಕಾರಣ ಏನೇ ಇರಲಿ, ಒಂದು ವಿಷಯ ತಿಳಿದಿರಲಿ. ಇದು ಗೋಡೆಗೆ ಹೊಸ ಬಣ್ಣ ಬಳಿದ ಹಾಗಲ್ಲ. ಹೊಸ ಇಂಕ್ ಹಳೆಯದರ ಮೇಲೆ ಕೂರುವುದಿಲ್ಲ, ಅದೇ ಪದರದಲ್ಲಿ ಬೆರೆಯುತ್ತದೆ. ಹಾಗಾಗಿ ಕಪ್ಪಿನ ಮೇಲೆ ಬಿಳಿ, ಹಳದಿ ನಿಲ್ಲುವುದಿಲ್ಲ. ಗಾಢ ಬಣ್ಣವೇ ಬೇಕು.

ಒಳ್ಳೆಯ ಆರ್ಟಿಸ್ಟ್ ಮೊದಲು ಹಳೆಯ ಟ್ಯಾಟೂ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಅದರ ಗೆರೆಗಳನ್ನು ತೆಗೆದುಕೊಳ್ಳುತ್ತಾರೆ. ಅದರ ಮೇಲೆ ಇನ್ನೊಂದು ಹಾಳೆ ಇಟ್ಟು ಹೊಸ ಚಿತ್ರ ಬರೆಯುತ್ತಾರೆ. ಹಳೆಯ ಅಕ್ಷರದ ಕಾಲು ಎಲೆಯ ನರದಲ್ಲಿ ಅಡಗುತ್ತದಾ, ಸುತ್ತಿದ ತಲೆ ಹೂವಿನ ನೆರಳಲ್ಲಿ ಮುಳುಗುತ್ತದಾ ಅಂತ ಸರಿಸಿ ಸರಿಸಿ ನೋಡುತ್ತಾರೆ. ಎಲೆ, ಗರಿ, ದಳ, ಮೀನಿನ ಹುರುಪೆ, ಹೀಗೆ ಒಳಗೆ ಗೆರೆ ಜಾಸ್ತಿ ಇರುವ ಚಿತ್ರಗಳು ಚೆನ್ನಾಗಿ ಮುಚ್ಚುತ್ತವೆ. ಈ ಕೆಲಸ ಮಾಡದೆ ಮೊಬೈಲಿನಲ್ಲಿ ಚಿತ್ರ ತೋರಿಸಿ ಕೂರಿಸುವವರ ಹತ್ತಿರ ಕವರ್ ಅಪ್ ಬೇಡವೇ ಬೇಡ. ಆ ಆರ್ಟಿಸ್ಟ್ ಮಾಡಿದ, ಪೂರ್ತಿ ಮಾಗಿದ ಕವರ್ ಅಪ್‌ಗಳ ಫೋಟೊ ಕೇಳಿ.

ಹೊಸದು ಹಳೆಯದರ ಎರಡು ಮೂರು ಪಟ್ಟು ದೊಡ್ಡದಾಗುತ್ತದೆ. ಭದ್ರತಾ ಪಡೆಗಳ ನೇಮಕಾತಿಗೆ ತಯಾರಾಗುವವರು ಇಲ್ಲಿ ಎಚ್ಚರ ವಹಿಸಬೇಕು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನಿಯಮದಲ್ಲಿ ಟ್ಯಾಟೂ ಎಲ್ಲಿದೆ, ಎಷ್ಟು ದೊಡ್ಡದಿದೆ ಅನ್ನುವುದಕ್ಕೂ ಮಿತಿ ಇದೆ. ಅಂಥವರಿಗೆ ಕವರ್ ಅಪ್ ಕಷ್ಟವನ್ನು ಹೆಚ್ಚಿಸುತ್ತದೆ.

ಹಳೆಯದು ತೀರಾ ಕಪ್ಪಗಿದ್ದರೆ ಮೊದಲು ಕೆಲವು ಸಲ ಲೇಸರ್ ಮಾಡಿಸಿ ತಿಳಿ ಮಾಡಿಕೊಳ್ಳಬಹುದು. ಪೂರ್ತಿ ಅಳಿಸಬೇಕಿಲ್ಲ. ಸಲದಿಂದ ಸಲಕ್ಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಅಂತರ ಬೇಕು. ನಮ್ಮಂಥ ಕಂದು ಚರ್ಮದಲ್ಲಿ ಲೇಸರ್‌ನಿಂದ ಬಿಳಿ ಕಲೆ ಉಳಿಯುವ ಅಪಾಯ ಇದೆ. ಆದ್ದರಿಂದ ಚರ್ಮವೈದ್ಯರ ಹತ್ತಿರವೇ ಮಾಡಿಸಿ. ಗಾಯದ ಕಲೆ ಉಬ್ಬಿ ಬೆಳೆಯುವ ಮೈ ನಿಮ್ಮದಾದರೆ ಸೂಜಿಗಿಂತ ಮೊದಲೇ ಅವರಿಗೆ ತೋರಿಸಿ. ಮಚ್ಚೆ ಇರುವ ಜಾಗದ ಮೇಲೆ ಟ್ಯಾಟೂ ಬೇಡ. ಮಚ್ಚೆಯಲ್ಲಿ ಮುಂದೆ ಬದಲಾವಣೆ ಆದರೆ ಕಾಣದೆ ಹೋಗುತ್ತದೆ.

ಕವರ್ ಅಪ್‌ನಲ್ಲಿ ಇಂಕ್ ಜಾಸ್ತಿ ತುಂಬುವುದರಿಂದ ಮಾಗಲು ಕೆಲವು ದಿನ ಹೆಚ್ಚು ಹಿಡಿಯುತ್ತದೆ. ತೊಳೆಯುವುದು, ಮುಲಾಮು, ಬಿಸಿಲು ತಪ್ಪಿಸುವುದು ಎಲ್ಲ ಮತ್ತೆ ಮೊದಲಿನಿಂದ. ರಕ್ತ ಕೊಡುವವರು ಇನ್ನೊಂದು ನೆನಪಿಡಿ: ನಮ್ಮ ದೇಶದಲ್ಲಿ ಟ್ಯಾಟೂ ಹಾಕಿಸಿದ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಟಚ್ ಅಪ್ ಆಗಲಿ, ಕವರ್ ಅಪ್ ಆಗಲಿ, ಚುಚ್ಚುವುದು ಸೂಜಿಯೇ ಆದ್ದರಿಂದ ಕೊನೆಯ ಸಲ ಕೂತ ದಿನದಿಂದ ಲೆಕ್ಕ ಹಾಕಿ.