ಮಳೆನಕ್ಷತ್ರಗಳ ಮೇಲೆ ಕಟ್ಟಿದ ಅರಬ್ ಮಾಯಾಲೋಕ

ಹದಿಹರೆಯದ ಓದುಗರಿಗಾಗಿ ಅರಬ್ ಹಿನ್ನೆಲೆಯ ಅದ್ಭುತ ಕಾದಂಬರಿಯೊಂದನ್ನು ಬರೆಯಲು ಹೊರಟಾಗ, ಹಾರುವ ಚಾಪೆಯನ್ನೂ ದೀಪದೊಳಗಿನ ಭೂತವನ್ನೂ ಹತ್ತಿರ ಸೇರಿಸಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಮಾಯೆಗೆ ಬಿಗಿಯಾದ ನಿಯಮವೊಂದು ಬೇಕಿತ್ತು, ಅದು ಅರಬರ ಬದುಕಿನೊಳಗಿನಿಂದಲೇ ಹುಟ್ಟಬೇಕಿತ್ತು. ಅಂಥದ್ದು ದೊರೆತದ್ದು ಅವರ ಹಳೆಯ ಮಳೆಗಣನೆಯಲ್ಲಿ.

'ಅನ್ವಾ' ಎನ್ನುವ ಆ ಪದ್ಧತಿಯಲ್ಲಿ ಚಂದ್ರನ ದಾರಿಗೆ 28 ಮನೆಗಳು. ಸುಮಾರು 13 ದಿನಗಳಿಗೊಮ್ಮೆ ಬೆಳಗಿನ ಜಾವದಲ್ಲಿ ಒಂದು ಮನೆಯ ನಕ್ಷತ್ರ ಪಡುವಣದಲ್ಲಿ ಮುಳುಗುವ ಹೊತ್ತಿಗೆ ಎದುರುಮನೆಯ ನಕ್ಷತ್ರ ಮೂಡಣದಲ್ಲಿ ಏಳುತ್ತದೆ. ಆ ಅವಧಿಯ ಮಳೆಯನ್ನು ಮುಳುಗಿದ ನಕ್ಷತ್ರದ ಹೆಸರಿಗೆ ಹಚ್ಚುತ್ತಿದ್ದರು. ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಎಣಿಸುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮದು ಸೂರ್ಯ ನಿಂತ ನಕ್ಷತ್ರದ ಲೆಕ್ಕವಾದ್ದರಿಂದ ಕೃತ್ತಿಕೆಯ ಮಳೆ ಮೇ ತಿಂಗಳಿನದು. ಅದೇ ಗೊಂಚಲನ್ನು ಸುರಯ್ಯಾ ಎಂದು ಕರೆಯುವ ಅರಬರಿಗೆ ಅದು ನವೆಂಬರಿನ ಮಳೆ. ಕಾದಂಬರಿಯಲ್ಲಿ ಪ್ರತಿಯೊಂದು ಮಂತ್ರಕ್ಕೂ ತನ್ನ ನಕ್ಷತ್ರದ 13 ದಿನಗಳಷ್ಟೇ ಆಯುಷ್ಯ. ಅವಧಿ ಮುಗಿದರೆ ಎಂಥ ಮಂತ್ರವಾದಿಯೂ ಬರಿಗೈ. ಅಧ್ಯಾಯಗಳೂ 28.

ನಾಯಕಿ ಸಿರಿಯಾದ ಅಲೆಪ್ಪೊ ನಗರದ ಹದಿನಾರರ ಹುಡುಗಿ, ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ಹೊತ್ತು ತಿಳಿಯುವ ಹಳೆಯ ಉಪಕರಣವಾದ ಆಸ್ಟ್ರೋಲೇಬ್ ಮಾಡುವವಳು. ಹತ್ತನೆಯ ಶತಮಾನದಲ್ಲಿ ಅಲ್ಲಿನ ಅರಸ ಸೈಫ್ ಅಲ್ ದೌಲಾನ ಆಶ್ರಯದಲ್ಲಿದ್ದ ಅಲ್ ಇಜ್ಲಿಯಾ ಎಂಬ ಮಹಿಳೆಯ ಹೆಸರನ್ನು ಅದೇ ಶತಮಾನದ ಬಾಗ್ದಾದಿನ ಗ್ರಂಥಸೂಚಿಕಾರ ಇಬ್ನ್ ಅಲ್ ನದೀಮ್ ಈ ಉಪಕರಣದ ಕುಶಲಕರ್ಮಿಗಳ ಸಾಲಿನಲ್ಲಿ ಬರೆದಿಟ್ಟಿದ್ದಾನೆ. ಹೀಗಾಗಿ ಹೆಣ್ಣುಮಗಳೊಬ್ಬಳ ಕೈಗೆ ಉಳಿ ಕೊಡಲು ನಾನು ನೆಪ ಹುಡುಕಬೇಕಾಗಲಿಲ್ಲ. ಆಸ್ಟ್ರೋಲೇಬಿನ ಒಳಗಿನ ಹಿತ್ತಾಳೆಯ ಫಲಕವನ್ನು ಒಂದು ನಿರ್ದಿಷ್ಟ ಅಕ್ಷಾಂಶಕ್ಕೆಂದೇ ಕೊರೆದಿರುತ್ತಾರೆ. ಅಲೆಪ್ಪೊ ನಗರದ 36 ಡಿಗ್ರಿಯ ಫಲಕ ದಕ್ಷಿಣಕ್ಕೆ, ಮೆಕ್ಕಾದ 21 ಡಿಗ್ರಿಯತ್ತ ಸಾಗಿದಂತೆಲ್ಲ ತಪ್ಪು ಹೇಳತೊಡಗುತ್ತದೆ. ಕಥೆಯ ನಡುಭಾಗ ನಿಂತಿರುವುದು ಇದರ ಮೇಲೆ: ಮರುಭೂಮಿಯಲ್ಲಿ ನಡುಹಗಲ ಸೂರ್ಯನ ಎತ್ತರವನ್ನು ಅಳೆದು, ಒಂಟೆಗಳು ತಂಗಿದ ರಾತ್ರಿಯಲ್ಲಿ ಅವಳು ಹೊಸ ಫಲಕ ಕೊರೆಯಬೇಕು. ಆ ಅಧ್ಯಾಯಕ್ಕೆ ಮುನ್ನ ರಟ್ಟಿನಲ್ಲಿ ಎರಡು ಫಲಕಗಳನ್ನು ನಾನೇ ಬರೆದು ಕತ್ತರಿಸಿ ನೋಡಿದೆ. ಎಲ್ಲಿ ಕೈ ನಡುಗುತ್ತದೆ, ಯಾವ ಗೆರೆ ಮೊದಲು ಬೀಳಬೇಕು ಎಂಬುದು ಪುಸ್ತಕಗಳಿಗಿಂತ ಅಲ್ಲಿ ಸ್ಪಷ್ಟವಾಯಿತು.

ಧರ್ಮದ ಪ್ರಶ್ನೆಯನ್ನು ಬದಿಗಿಡುವಂತಿರಲಿಲ್ಲ. ಮಳೆ ಕೊಟ್ಟದ್ದು ನಕ್ಷತ್ರವೆಂಬ ನಂಬಿಕೆಯನ್ನು ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ನುಡಿಗಳ ಸಂಗ್ರಹ, ಸ್ಪಷ್ಟವಾಗಿ ನಿರಾಕರಿಸುತ್ತದೆ. ಇದನ್ನೇ ಕಥೆಯ ಜಗಳವಾಗಿಸಿದೆ: ಖಳನಾಯಕ ನಕ್ಷತ್ರಗಳನ್ನು ಮಳೆ ಕೊಡುವ ಒಡೆಯರೆಂದು ಸಾರಿ ಹಣ ಮಾಡುತ್ತಾನೆ, ನಾಯಕಿಗೆ ಅವು ಕಾಲ ತಿಳಿಸುವ ಗುರುತುಗಳು ಮಾತ್ರ. ಹಾಗಾದರೆ ಮಂತ್ರದ ಬಲ ಎಲ್ಲಿಯದು? ಆ ಹೊಣೆಯನ್ನು ಜಿನ್‌ಗಳಿಗೆ ವಹಿಸಿದೆ. ಕುರಾನಿನ ಪ್ರಕಾರ ಅವರು ಬೆಂಕಿಯಿಂದ ಸೃಷ್ಟಿಯಾದವರು, ಅವರಲ್ಲಿಯೂ ವಿಶ್ವಾಸಿಗಳು, ಅವಿಶ್ವಾಸಿಗಳು ಇದ್ದಾರೆ. ಆದ್ದರಿಂದ ನನ್ನ ಜಿನ್‌ಗಳು ಯಾರ ಗುಲಾಮರೂ ಅಲ್ಲ, ತಮ್ಮ ಋತು ಬಂದಾಗ ಮನಸ್ಸಿದ್ದರೆ ನೆರವಾಗುವವರು. ಅವರಿಗೂ ಕುಲವಿದೆ, ಸಾಲವಿದೆ, ಮುನಿಸಿದೆ. ಒಬ್ಬನಂತೂ ಪಾಳುಬಾವಿಯ ಬಳಿ ಕುಳಿತು ದಾರಿಹೋಕರಿಂದ ಸುಂಕಕ್ಕೆ ಬದಲಾಗಿ ಕವಿತೆ ವಸೂಲಿ ಮಾಡುತ್ತಾನೆ, ಛಂದಸ್ಸು ತಪ್ಪಿದರೆ ನೀರು ಕೊಡುವುದಿಲ್ಲ. ಹಸ್ತಪ್ರತಿ ಓದಿದ ಹುಡುಗ ಹುಡುಗಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಅವನ ಬಗ್ಗೆಯೇ.