ಗ್ಯಾರೇಜಿನ ಮಹಡಿಗೆ ಗ್ಲಾಸ್‌ವೂಲ್ ತರುವ ಮುನ್ನ

ಮನೆಯಿಂದ ದೂರ ನಿಂತ ಗ್ಯಾರೇಜಿನ ಮೇಲಿನ ಕೋಣೆಗೆ ಆರೂ ಕಡೆಯಿಂದ ಹೊಡೆತ. ಆಸರೆಗೆ ಪಕ್ಕದ ಕೋಣೆಯಿಲ್ಲ. ಕೆಳಗಿರುವುದೋ, ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿ ನುಗ್ಗುವ ಖಾಲಿ ಜಾಗ. ಬಿಸಿಲಿಗೆ ಕಾಯುವುದೂ ಚಳಿಗೆ ಕೊರೆಯುವುದೂ ಅದಕ್ಕೇ. ಹೆಚ್ಚಿನವರು ಶಾಖ ತಡೆಯಲೆಂದು ಗ್ಲಾಸ್‌ವೂಲ್ (ಹತ್ತಿಯಂಥ ಗಾಜಿನ ಎಳೆ) ಸುರುಳಿ ತಂದು ನೇರವಾಗಿ ಚಾವಣಿಗೆ ಕೈಹಾಕುತ್ತಾರೆ. ನಾನಾದರೆ ಮೊದಲು ನೆಲವನ್ನು ನೋಡುತ್ತೇನೆ.

ಏಕೆಂದರೆ ಕೆಳಗೆ ನಿಲ್ಲುವುದು ವಾಹನ. ಎಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಂದು ಸಿಕ್ಕರೆ ಸದ್ದಿಲ್ಲದೆ ಮೇಲೇರುತ್ತದೆ. ಗ್ಲಾಸ್‌ವೂಲ್ ಶಾಖವನ್ನು ತಡೆದೀತು, ಗಾಳಿಯನ್ನು ತಡೆಯದು. ಅದರ ಎಳೆಗಳ ನಡುವೆ ಅಲುಗದೆ ನಿಂತ ಗಾಳಿಯೇ ಶಾಖವನ್ನು ಹಿಡಿದಿಡುವುದು. ಆ ಗಾಳಿ ಓಡಾಡತೊಡಗಿದರೆ ಹಾಕಿದ ಹಣ ನೀರುಪಾಲು.

ಸಂದು ಹುಡುಕುವುದು ಕಷ್ಟವಲ್ಲ. ಗಾಳಿ ಬೀಸುವ ದಿನ ವಾಹನವನ್ನೂ ಪೆಟ್ರೋಲ್ ಡಬ್ಬವನ್ನೂ ಹೊರಗಿಟ್ಟು (ಇದನ್ನು ಮರೆಯಲೇಬೇಡಿ), ಗ್ಯಾರೇಜಿನ ಬಾಗಿಲು ತೆರೆದಿಟ್ಟು ಒಳಗಿನ ಆವಿ ಹೋಗಲು ಬಿಡಿ. ಆಮೇಲೆ ಮೇಲಿನ ಕೋಣೆಯಲ್ಲಿ ಒಂದು ಊದುಬತ್ತಿ ಹೊತ್ತಿಸಿ, ಗೋಡೆ ಮತ್ತು ನೆಲ ಕೂಡುವ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿ. ನೆಟ್ಟಗೆ ಏಳುತ್ತಿದ್ದ ಹೊಗೆ ಎಲ್ಲಿ ಥಟ್ಟನೆ ವಾಲುತ್ತದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ವೈರು, ಪೈಪು ಹಾದ ತೂತುಗಳು, ತೊಲೆಯ ತುದಿಗಳು, ಮೆಟ್ಟಿಲ ಬಾಗಿಲಿನ ಸುತ್ತ, ಕಳ್ಳದಾರಿಗಳು ಹೆಚ್ಚಾಗಿ ಇವೇ. ಸಣ್ಣ ಬಿರುಕಿಗೆ ಸೀಲೆಂಟ್, ದೊಡ್ಡದಕ್ಕೆ ಉಬ್ಬುವ ಫೋಮ್, ಬಾಗಿಲಿಗೆ ರಬ್ಬರ್ ಪಟ್ಟಿ.

ಇನ್ನು ನೆಲದ ತೊಲೆಗಳ ನಡುವೆ ಗ್ಲಾಸ್‌ವೂಲ್ ಹಾಕಬಹುದು. ಅದು ಮೇಲಿನ ಹಲಗೆಗೆ ತಾಗಿಯೇ ಇರಬೇಕು. ನಡುವೆ ಜಾಗ ಉಳಿದರೆ ತಂಪು ಗಾಳಿ ಅಲ್ಲೇ ಸುಳಿದಾಡುತ್ತದೆ. ಹಾಗೆಂದು ತುರುಕಬೇಡಿ. 6 ಇಂಚಿನದನ್ನು 4 ಇಂಚಿನ ಜಾಗಕ್ಕೆ ಅದುಮಿದರೆ 6 ಇಂಚಿನ ಫಲ ಸಿಗದು.

ಇಳಿಜಾರು ಚಾವಣಿಯಲ್ಲಿ ಸೋರಿಕೆಯ ಕಲೆಯಿದ್ದರೆ ಮೊದಲು ಅದರ ದುರಸ್ತಿ. ಸೂರಿನಂಚಿನಿಂದ ನೆತ್ತಿಯವರೆಗೆ ಗಾಳಿ ಹರಿಯುವ ಚಾವಣಿಯಾದರೆ, ಹಲಗೆಯ ಕೆಳಗೆ ಕನಿಷ್ಠ 1 ಇಂಚು ದಾರಿಯನ್ನು ಮುಚ್ಚದೆ ಉಳಿಸಿ. ಇಲ್ಲದಿದ್ದರೆ ತೇವ ಆರದೆ ಮರ ಕೊಳೆಯುತ್ತದೆ. ತೇವ ತಡೆಯುವ ಹಾಳೆ ಚಳಿ ಪ್ರದೇಶದಲ್ಲಿ ಕೋಣೆಯ ಕಡೆಗೆ ಬರಬೇಕು. ಸೆಖೆಯ ಊರಿನಲ್ಲಿ ಎಸಿ ಓಡುವ ಕೋಣೆಗೆ ಅದೇ ಹಾಳೆಯನ್ನು ಒಳಗಡೆ ಬಡಿದರೆ ಗೋಡೆಯೊಳಗೇ ನೀರು ಕಟ್ಟುತ್ತದೆ.

ಗ್ಲಾಸ್‌ವೂಲ್ ಬದಲು ಫೋಮ್ ಹಲಗೆ ಬಳಸುವವರು ಅದನ್ನು ಬರಿದಾಗಿ ಬಿಡಬಾರದು. ಬೆಂಕಿ ತಗುಲಿದರೆ ವಿಷದ ಹೊಗೆ. ಮೇಲೆ ಜಿಪ್ಸಮ್ ಬೋರ್ಡ್ ಹೊದಿಸಿ. ಕೆಲಸದುದ್ದಕ್ಕೂ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಇರಲಿ. ಕೋಣೆಯಲ್ಲಿ ಯಾರಾದರೂ ಮಲಗುವುದಾದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಲೇಬೇಕು. ವೈರುಗಳು ಕೂಡುವ ಜಂಕ್ಷನ್ ಬಾಕ್ಸುಗಳನ್ನು ಮಾತ್ರ ಬೋರ್ಡಿನ ಹಿಂದೆ ಹೂತುಬಿಡಬೇಡಿ. ನಾಳೆ ಒಂದು ದೀಪ ಕೈಕೊಟ್ಟರೂ ಎಲೆಕ್ಟ್ರಿಷಿಯನ್ ಇಡೀ ಗೋಡೆಯನ್ನು ಕಿತ್ತು ಹುಡುಕಬೇಕಾಗುತ್ತದೆ.