ನೆಲಮಾಳಿಗೆಯ ಗ್ರಂಥಾಲಯವನ್ನು ಮಳೆಗಾಲಕ್ಕೆ ಸಜ್ಜುಗೊಳಿಸುವ ಬಗೆ

ಕಲಬುರಗಿಯ ಹಳೆಯ ಕಾಲೇಜುಗಳಲ್ಲಿ ನೆಲಮಾಳಿಗೆಗೆ ಪುಸ್ತಕಗಳನ್ನು ಇಳಿಸುವ ಯೋಚನೆ ಹುಟ್ಟುವುದು ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ. ಹೊರಗೆ ಬಿಸಿಲು 40 ಡಿಗ್ರಿ ದಾಟಿರುವಾಗ ಕೆಳಗಿನ ಕೋಣೆ ತಂಪಾಗಿ, ಒಣಗಿದಂತೆ ಕಾಣುತ್ತದೆ. ಆ ಕೋಣೆಯ ನಿಜವಾದ ಗುಣ ತಿಳಿಯುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ; ಆದ್ದರಿಂದ ಒಂದು ಮಳೆಗಾಲವನ್ನು ಖಾಲಿ ಕೋಣೆಯಲ್ಲೇ ಕಳೆದು ನೋಡಿ, ಆಮೇಲೆ ಕಪಾಟುಗಳನ್ನು ತರಿಸುವುದು ಕ್ಷೇಮ.

ನೆಲದಡಿಯ ಗ್ರಂಥಾಲಯವೇ ಕೂಡದೆಂದು ಇದರ ಅರ್ಥವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರ‍್ಯಾಡ್‌ಕ್ಲಿಫ್ ಚೌಕದ ಕೆಳಗೆ 1909ರಿಂದ 1912ರ ನಡುವೆ ಕಟ್ಟಿದ ಪುಸ್ತಕ ಭಂಡಾರವು 2011ರಲ್ಲಿ ಓದುಗರಿಗೂ ತೆರೆಯಿತು. ಇನ್ನೊಂದು ಕಡೆ, 1966ರ ನವೆಂಬರ್‌ನಲ್ಲಿ ಆರ್ನೋ ನದಿ ಉಕ್ಕಿದಾಗ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದ ಕೆಳಮಾಳಿಗೆಯ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು.

ಮೊದಲು ತೇವ ಎಲ್ಲಿಂದ ಬರುತ್ತದೆಂದು ಪತ್ತೆ ಹಚ್ಚಬೇಕು. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ನೆಲದಡಿಯ ಗೋಡೆಗಳು ಸೀಳುತ್ತವೆ. ಬೀದರಿನ ಜಂಬಿಟ್ಟಿಗೆ ಕಲ್ಲು ರಂಧ್ರಮಯವಾದದ್ದರಿಂದ ನೀರನ್ನು ಹೀರಿಕೊಳ್ಳುತ್ತದೆ. ಶಹಾಬಾದ್ ಕಲ್ಲು ಹಾಸಿದ ನೆಲವಾದರೆ ಕಲ್ಲಿಗಿಂತ ಅದರ ಸಂದುಗಳನ್ನೇ ಹೆಚ್ಚು ಅನುಮಾನಿಸಬೇಕು. ನೆಲಕ್ಕೂ ಗೋಡೆಗೂ ಒಂದೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹನಿಗಳು ಹಾಳೆಯ ಒಳಬದಿಯಲ್ಲಿ ಕೂಡಿದ್ದರೆ ತೇವ ಮಣ್ಣಿನಿಂದ ಬರುತ್ತಿದೆ, ಆ ಕೆಲಸ ಕಟ್ಟಡದ ಎಂಜಿನಿಯರರದು. ಹೊರಬದಿಯಲ್ಲಿದ್ದರೆ ಕೋಣೆಯ ಗಾಳಿಯೇ ತೇವವಾಗಿದೆ.

ಗಾಳಿಯ ತೇವದ ವಿಷಯದಲ್ಲಿ ಒಳ್ಳೆಯ ಉದ್ದೇಶದವರೂ ಎಡವುತ್ತಾರೆ. ಮುಗ್ಗಲು ವಾಸನೆ ಬಂದೊಡನೆ ಕಿಟಕಿ ತೆರೆದು ಗಾಳಿಯಾಡಿಸುವುದು ನಮ್ಮ ರೂಢಿ. ಆದರೆ ಹೊರಗೆ 28 ಡಿಗ್ರಿ ಶಾಖದಲ್ಲಿ ಶೇ. 70ರಷ್ಟು ಆರ್ದ್ರತೆಯಿರುವ ಗಾಳಿಯು ಕೆಳಗಿಳಿದು 24 ಡಿಗ್ರಿಗೆ ತಣಿದರೆ, ಅದೇ ಗಾಳಿಯ ಆರ್ದ್ರತೆ ಶೇ. 90ರ ಹತ್ತಿರ ಹೋಗುತ್ತದೆ. ಶೇ. 65 ದಾಟಿದ ಸ್ಥಿತಿ ಮುಂದುವರಿದರೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚುತ್ತದೆ. ಹೀಗಾಗಿ ಮಳೆಗಾಲದಲ್ಲಿ ಕಿಟಕಿ ಮುಚ್ಚಿ, ತೇವ ಹೀರುವ ಯಂತ್ರವನ್ನೂ ಫ್ಯಾನನ್ನೂ ನಡೆಸಬೇಕು. ಕಿಟಕಿ ತೆರೆಯುವುದು ಚಳಿಗಾಲ, ಬೇಸಿಗೆಯ ಒಣ ಗಾಳಿಗೆ ಇರಲಿ. ಎರಡು ಆರ್ದ್ರತಾಮಾಪಕಗಳನ್ನು ತಂದು, ಒಂದನ್ನು ಕೋಣೆಯ ನಡುವೆ, ಮತ್ತೊಂದನ್ನು ಅತ್ಯಂತ ಒಳಗಿನ ಮೂಲೆಯಲ್ಲಿ ಇಟ್ಟು ದಿನವೂ ಬರೆದುಕೊಳ್ಳಿ. ಮೂಲೆಯ ಅಂಕಿಯೇ ನಂಬಿಕೆಗೆ ಅರ್ಹ.

ಕಪಾಟುಗಳು ಉಕ್ಕಿನವಾಗಿರಲಿ, ಗೋಡೆಯಿಂದ ಒಂದು ಗೇಣಾದರೂ ದೂರವಿರಲಿ, ಕೆಳಗಿನ ಹಲಗೆ ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿರಲಿ. ನೀರಿನ ಕೊಳವೆ ಹಾದುಹೋಗುವ ಜಾಗದ ಕೆಳಗೆ ಏನನ್ನೂ ಇಡಬೇಡಿ. ತಾಳೆಗರಿಗಳನ್ನೂ ಕೈಬರಹದ ಪ್ರತಿಗಳನ್ನೂ ಮೇಲಿನ ಮಹಡಿಯಲ್ಲೇ ಉಳಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೀದರಿನಲ್ಲಿ 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾ ಕೂಡ ಮೂರಂತಸ್ತಾಗಿ ಮೇಲಕ್ಕೇ ಎದ್ದ ಕಟ್ಟಡ. ಬೇವಿನ ಎಲೆ ಹಾಕುವುದಾದರೆ ಪೂರ್ತಿ ಒಣಗಿಸಿಯೇ ಹಾಕಿ. ಹಸಿ ಎಲೆ ತೇವವನ್ನೇ ತರುತ್ತದೆ.

ಇಷ್ಟಾದರೂ ನೀರು ನುಗ್ಗಿದರೆ, ಮೊದಲು ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಮೇಲಿನಿಂದಲೇ ಆರಿಸಿ, ಆಮೇಲೆ ಕೆಳಗಿಳಿಯಿರಿ. ಬೂಷ್ಟು ಹಿಡಿಯಲು 48 ಗಂಟೆ ಸಾಕು. ಒದ್ದೆ ಪುಸ್ತಕಗಳನ್ನು ಬಿಸಿಲಿಗೆ ಹಾಕಬೇಡಿ, ರಟ್ಟು ಸೊಟ್ಟಗಾಗುತ್ತದೆ; ನೆರಳಿನಲ್ಲಿ ಫ್ಯಾನಿನಡಿ ನಿಲ್ಲಿಸಿ, ಹಾಳೆಗಳ ನಡುವೆ ಹೀರುಕಾಗದವಿಟ್ಟು ಮತ್ತೆ ಮತ್ತೆ ಬದಲಿಸಿ. ನುಣುಪು ಕಾಗದದ ಚಿತ್ರಪುಸ್ತಕಗಳು ಒಣಗುವಾಗ ಅಂಟಿ ಇಟ್ಟಿಗೆಯಂತಾಗುವುದರಿಂದ ಅವುಗಳಿಗೇ ಮೊದಲ ಸರದಿ. ಒಣಗಿಸಲು ಕೈ ಸಾಲದಷ್ಟು ಪುಸ್ತಕಗಳು ನೆನೆದಿದ್ದರೆ, ಉಳಿದವನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಹೆಪ್ಪುಗಟ್ಟಿಸುವ ಶೀತಾಗಾರಕ್ಕೆ ಕಳುಹಿಸಿ. ಅಂಥ ಜಾಗ ಊರಿನಲ್ಲಿ ಎಲ್ಲಿದೆ ಎಂಬುದನ್ನು ಜೂನ್‌ಗೆ ಮೊದಲೇ ವಿಚಾರಿಸಿ, ಫೋನ್ ಸಂಖ್ಯೆಯನ್ನು ಗ್ರಂಥಾಲಯದ ಬಾಗಿಲಿನ ಮೇಲೆ ಅಂಟಿಸಿರಬೇಕು.